ಡಬ್ಬಿ ಇಲ್ಲದವರ ಮಾತು

ಆ ಊರಿನ ಹಿಟ್ಟಿನ ಗಿರಣಿಯ ಮುಂದೆ ಮನುಷ್ಯರು ಪಾಳಿ ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ತ್ರೀಫೇಸ್ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಹಾಗಾಗಿ ಹೆಂಗಸರು ಬೆಳಿಗ್ಗೆಯೇ ಜೋಳದ ಡಬ್ಬಿಗಳನ್ನು ತಂದು ಗಿರಣಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೊಲಕ್ಕೆ ಹೋಗುತ್ತಾರೆ. ಡಬ್ಬಿಯ ಮೇಲೆ ಬಣ್ಣದಲ್ಲಿ ಮನೆಯ ಯಜಮಾನನ ಹೆಸರು ಬರೆದಿರುತ್ತದೆ. ಡಬ್ಬಿ ಎಲ್ಲಿದೆಯೋ ಅದೇ ಆ ಮನೆಯ ಪಾಳಿ.

ಮೊದಲೆಲ್ಲ ಕರೆಂಟು ಬಂದ ಕೂಡಲೇ ಹಿಟ್ಟಿಗಿಂತ ಮುಂಚೆ ಜಗಳ ಬೀಳುತ್ತಿತ್ತಂತೆ. ಯಾರೋ ಯಾರದೋ ಡಬ್ಬಿಯನ್ನು ಹಿಂದಕ್ಕೆ ಸರಿಸಿರುತ್ತಿದ್ದರು. ಗಿರಣಿಯವರ ಮಗ ಕಟ್ಟೆಯ ಮೇಲೆ ಕೂಡಲು ಶುರು ಮಾಡಿದ ಮೇಲೆ ಜಗಳ ನಿಂತಿತು. ಒಂದು ಡಬ್ಬಿಯನ್ನು ಗೇಣುದ್ದ ಆಚೀಚೆ ಮಾಡಿದರೂ ಅವನು ಎರಡೂ ಕಿವಿ ಮುಚ್ಚಿಕೊಂಡು, ತುದಿಗಾಲಿನ ಮೇಲೆ ಕುಪ್ಪಳಿಸುತ್ತ, "ಪಾಳಿ! ಪಾಳಿ!" ಎಂದು ಊರಿಗೆಲ್ಲ ಕೇಳುವಂತೆ ಒದರುತ್ತಿದ್ದ. ಡಬ್ಬಿ ಅದರ ಜಾಗಕ್ಕೆ ಬರುವವರೆಗೂ ಬಿಡುತ್ತಿರಲಿಲ್ಲ. ಹೆಂಗಸರಿಗೆ ಅವನ ಮೇಲೆ ಬಹಳ ನಂಬಿಕೆ. "ಅವನ ಕಣ್ಣ ಮುಂದ ಇಟ್ಟ ಹೋದ್ರ ಬ್ಯಾಂಕಿನಾಗ ಇಟ್ಟಂಗ್ರಿ" ಎನ್ನುತ್ತಿದ್ದರು.

ಅವನಿಗೆ ಆಟಿಸಂ ಇತ್ತು. ನಮ್ಮ ಶಿಕ್ಷಣ ಇಲಾಖೆಯ ಕಾಗದಪತ್ರದಲ್ಲಿ ಅದಕ್ಕೆ ಸ್ವಲೀನತೆ ಎಂದು ಹೆಸರು. ಊರಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. "ಅವನ ಸ್ವಭಾವ ಹಂಗ" ಎಂದು ಬಿಟ್ಟುಬಿಟ್ಟಿದ್ದರು. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ಹೇಳುತ್ತೇನೆ, ನಾಲ್ಕು ಪದವಿ ಪಡೆದವರ ಚಿಕಿತ್ಸೆಗಿಂತ ಆ ಬಿಟ್ಟುಬಿಡುವಿಕೆ ಮೇಲಾಗಿತ್ತು.

ನಾನು ಕುಷ್ಟಗಿ ತಾಲ್ಲೂಕಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿ. ಶಾಲೆಗೆ ಬರಲಾಗದ, ಬಂದರೂ ಗದ್ದಲದಲ್ಲಿ ಕೂರಲಾಗದ ಮಕ್ಕಳ ಮನೆಗೆ ನಾನೇ ಹೋಗಬೇಕು. ತಾವರಗೇರಾದವರೆಗೆ ಬಸ್ಸು, ಅಲ್ಲಿಂದ ಆ ಊರಿಗೆ ಟಂಟಂ ಆಟೋ. ಹುಡುಗನಿಗೆ ಆಗ ಹದಿನಾರು, ಒಂಬತ್ತನೆಯ ತರಗತಿ. ಮನಸ್ಸು ಬಂದ ದಿನ ಶಾಲೆಗೆ ಹೋಗುತ್ತಿದ್ದ, ಉಳಿದ ದಿನ ಗಿರಣಿಯ ಕಟ್ಟೆ. ನಮ್ಮ ಪಾಠವೂ ಅಲ್ಲೇ, ಡಬ್ಬಿಗಳ ಪಕ್ಕದಲ್ಲೇ ನಡೆಯುತ್ತಿತ್ತು.

ಒಂದು ಸಲ ಹೋದಾಗ ಕಟ್ಟೆಯ ಮೇಲೆ ಡಬ್ಬಿಗಳಿದ್ದವು, ಹುಡುಗ ಇರಲಿಲ್ಲ. ತಾಯಿ ತಲೆಯ ಮೇಲಿನ ಸೆರಗಿಗೆ ಅಂಟಿದ ಹಿಟ್ಟನ್ನೂ ಜಾಡಿಸದೆ ನಿಂತಿದ್ದಳು.

"ಒಳಗ ಅದಾನ್ರಿ ಅಕ್ಕೋರ. ಫೋನ್ ಹಿಡಕೊಂಡು ಕುಂತಾನ. ರೊಟ್ಟಿ ಮುಟ್ಟವಲ್ಲ, ನಿದ್ದಿ ಮಾಡವಲ್ಲ."

ಅವನ ಶಾಲೆಯದೇ ಮೂವರು ಹುಡುಗರು ಒಂದು ವಿಡಿಯೋ ಮಾಡಿ ಹಾಕಿದ್ದರು. ಒಬ್ಬ ಡಬ್ಬಿಗಳನ್ನು ಸರಿಸುತ್ತಾನೆ, ಇವನು ಕಿವಿ ಮುಚ್ಚಿ ಕುಪ್ಪಳಿಸುತ್ತಾನೆ, ಅದಕ್ಕೊಂದು ಕುಣಿತದ ಹಾಡು ಜೋಡಿಸಿದ್ದರು. "ಏ, ಡಬ್ಬಿ ಸರಸ್ಲೇನ್?" ಎಂಬ ಮಾತು ಜಿಲ್ಲೆಗೆಲ್ಲ ಹಬ್ಬಿತು. ಗಂಗಾವತಿ ಕಡೆಯ ಯಾವನೋ ಭತ್ತದ ಚೀಲ ಸರಿಸಿ ಇವನಂತೆ ಕುಪ್ಪಳಿಸಿ ಹಾಕಿದ್ದ. ಯಲಬುರ್ಗಾ ಕಡೆಯಿಂದ ಬೈಕಿನಲ್ಲಿ ಬಂದವರು ಕಟ್ಟೆಯ ಮುಂದೆ ನಿಂತು, ಖುದ್ದಾಗಿ ಡಬ್ಬಿ ಸರಿಸಿ, ಇವನು ಒದರುವುದನ್ನು ಫೋನಿನಲ್ಲಿ ಹಿಡಿದುಕೊಂಡು ಹೋದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕುಗಳಿಗೆ ಲೈಕು ಬೇರೆ.

ನಾನು ಒಳಗೆ ಹೋಗಿ ಅವನ ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು ಕುಳಿತೆ. ಅವನು ವಿಡಿಯೋ ನೋಡುತ್ತಿರಲಿಲ್ಲ. ಕೆಳಗಿನ ಕಾಮೆಂಟುಗಳನ್ನು ಪಾಠ ಒಪ್ಪಿಸುವ ಧ್ವನಿಯಲ್ಲಿ ಒಂದೊಂದಾಗಿ ಓದುತ್ತಿದ್ದ. "ಹುಚ್ಚ ಮಂಗ್ಯಾ." "ಇವನ್ನ ಕಟ್ಟಿ ಹಾಕ್ರಿ." "ಸಾಯಲೇ."

ಆಮೇಲೆ ಗೋಡೆಯ ಕಡೆ ನೋಡುತ್ತ ಕೇಳಿದ: "ಟೀಚರ್, ಸಾಯಿ ಅಂತ ಬರದಾರ. ಯಾವಾಗ?"

"ಏನು ಯಾವಾಗ, ತಮ್ಮಾ?"

"ತಾರೀಖು ಬರದಿಲ್ಲ."

ನನಗೆ ಹೆದರಿಕೆಯಾಯಿತು. ಅಳುವ ಮಗುವನ್ನು ಸಮಾಧಾನ ಮಾಡಬಹುದು, ಸಿಟ್ಟಿನ ಮಗುವನ್ನು ಸುಮ್ಮನಾಗಿಸಬಹುದು. ಇವನು ಅಳುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ಬರೆದದ್ದು ಆದೇಶ ಎಂದುಕೊಂಡು, ಅದರಲ್ಲಿ ತಾರೀಖಿಲ್ಲದ್ದಕ್ಕೆ ಕಾಯುತ್ತ ಕುಳಿತಿದ್ದ. ಯಾವನಾದರೂ ತಮಾಷೆಗೆ ಒಂದು ತಾರೀಖು ಬರೆದುಬಿಟ್ಟರೆ ಮುಗಿಯಿತು.

ತಾಯಿ ಫೋನು ಕಸಿದುಕೊಳ್ಳಲು ಹೋದಳು. ಬೇಡ ಎಂದೆ. ಹಿಂದಿನ ದಿನ ಕಸಿದುಕೊಂಡಿದ್ದಕ್ಕೆ ಅವನು ಟಂಟಂ ಡ್ರೈವರನ ಫೋನಿನಲ್ಲಿ ನೋಡಿ ಬಂದಿದ್ದನಂತೆ. ಮರುದಿನವೇ ತಾಯಿ ಮಗ ಇಬ್ಬರನ್ನೂ ಕರೆದುಕೊಂಡು ಕೊಪ್ಪಳಕ್ಕೆ ಹೋದೆ. ಮನೋವೈದ್ಯೆ ಅವನ ಜೊತೆ ಬಹಳ ಹೊತ್ತು ಕುಳಿತರು. ಸಾಯುವ ವಿಷಯವನ್ನು ನೇರವಾಗಿಯೇ ಕೇಳಿದರು, ಸುತ್ತಿ ಬಳಸಿ ಮಾತಾಡಲಿಲ್ಲ. ಅವನನ್ನು ಒಬ್ಬನನ್ನೇ ಬಿಡಬೇಡಿ, ಅಪಾಯದ ವಸ್ತುಗಳನ್ನೆಲ್ಲ ಬೀಗ ಹಾಕಿ ಇಡಿ ಎಂದು ತಾಯಿಗೆ ಹೇಳಿದರು. ನನಗೆ ಹೇಳಿದ್ದು ಬೇರೆ.

"'ಅವರ ಮಾತು ಕಿವಿಗೆ ಹಾಕ್ಕೋಬೇಡ' ಅಂತ ಮಾತ್ರ ಅವನಿಗೆ ಹೇಳಬೇಡ್ರಿ. ಅವನು ಕಿವಿಗೆ ಹಾಕ್ಕೋತಾನ. ಅವನಿಗೆ ಒಂದು ನಿಯಮ ಬೇಕು. ಯಾರ ಮಾತು ಕೇಳಬೇಕು, ಯಾರದು ಕೇಳಬಾರದು ಅನ್ನೋ ನಿಯಮ. ಅದು ಅವನಿಗೆ ಈಗಾಗಲೇ ಗೊತ್ತಿರೋದ್ರಾಗಿಂದ ಬರಬೇಕು."

ಇತ್ತ ವಿಡಿಯೋ ಅಳಿಸಿಹಾಕಿಸುವ ಕೆಲಸ ಶುರುವಾಯಿತು. ಆ್ಯಪಿನಲ್ಲಿ ವರದಿ ಮಾಡಿದೆ. ಈ ವಿಡಿಯೋ ನಮ್ಮ ನಿಯಮಗಳನ್ನು ಮುರಿದಿಲ್ಲ ಎಂದು ಉತ್ತರ ಬಂತು. ಒಬ್ಬ ಹುಡುಗ ಒದರುವುದು ಯಾವ ನಿಯಮವನ್ನು ತಾನೇ ಮುರಿಯುತ್ತದೆ? ಸೈಬರ್ ದೂರು ಕೊಡಬೇಕಾದರೆ ಸಾಕ್ಷಿ ಬೇಕು. ವಿಡಿಯೋದ ಕೊಂಡಿ, ಹಾಕಿದವರ ಖಾತೆಯ ಹೆಸರು, ದಿನಾಂಕ ಕಾಣುವ ಹಾಗೆ ಕಾಮೆಂಟುಗಳ ಚಿತ್ರ. ಸುದ್ದಿ ತಿಳಿದು ಅವರು ಅಳಿಸುವ ಮೊದಲೇ ಇವೆಲ್ಲ ಕೈಯಲ್ಲಿರಬೇಕು. ಹಾಗಾಗಿ ಆ ಹೊಲಸನ್ನೆಲ್ಲ ಒಂದೊಂದಾಗಿ ನಾನೇ ಓದಿ ಹಿಡಿದಿಟ್ಟೆ. ಕುಷ್ಟಗಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಯುವಾಗ ಅಂಗಡಿಯವನು ಪರದೆ ನೋಡಿ ಹಲ್ಲು ಕಿರಿದ.

"ಇಂವ ಡಬ್ಬಿ ಹುಡುಗ ಅಲ್ರೀ? ಭಾಳ ಫೇಮಸ್ ಅದಾನ್ರೀ! ನಿಮಗ ಪರಿಚಯ ಏನ್ರಿ?"

ಪರಿಚಯ ಎಂದೆ. ಒಂದು ಸೆಲ್ಫಿ ಕೊಡಿಸುತ್ತೀರಾ ಎಂದು ಕೇಳಿದ. ಕಾಗದಗಳನ್ನು ಎತ್ತಿಕೊಂಡು ಹೊರಬಿದ್ದೆ.

ದೂರಿಗೆ ತಂದೆ ಸಹಿ ಹಾಕಲಿಲ್ಲ. ಕೆಟ್ಟವನೇನಲ್ಲ, ಗಿರಣಿಯ ಬೆಲ್ಟಿನ ಮುಂದೆ ಬದುಕು ಸವೆಸಿದ ಮನುಷ್ಯ. "ಆ ಹುಡುಗ್ರ ಮನಿ ಡಬ್ಬಿ ನಮ್ಮ ಕಟ್ಟಿಗೇ ಬರತಾವ್ರಿ ಅಕ್ಕೋರ. ನಾಳೆ ಅವ್ರು ತಾವರಗೇರಾ ಗಿರಣಿಗೆ ಹೋದ್ರ ನಾವೇನ್ ಮಾಡೋಣ್ರಿ?" ಎಂದ. ತಾಯಿ ಅವನ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ಸಹಿ ಮಾಡಿದಳು. "ಡಬ್ಬಿ ಬರದಿದ್ರ ಬ್ಯಾಡ. ಮಗ ಉಳೀಲಿ" ಎಂದಷ್ಟೇ ಹೇಳಿದಳು.

ಕೊಪ್ಪಳದಲ್ಲಿ ದೂರು ಕೊಟ್ಟು ಬಂದ ವಾರದಲ್ಲೇ ವೈದ್ಯೆ ಹೇಳಿದ ನಿಯಮ ಸಿಕ್ಕಿತು. ನಾನೇನೂ ಹುಡುಕಲಿಲ್ಲ, ಅದು ಕಟ್ಟೆಯ ಮೇಲೆ ಸಾಲಾಗಿ ಕುಳಿತಿತ್ತು.

"ತಮ್ಮಾ, ಡಬ್ಬಿ ಇಡದವರು ಬಂದು ನಮ್ಮದ ಮೊದಲ ಬೀಸಿ ಕೊಡ್ರಿ ಅಂದ್ರ ಏನ್ ಮಾಡ್ತಿ?"

"ಡಬ್ಬಿ ಇಲ್ಲ. ಪಾಳಿ ಇಲ್ಲ."

"ಜೋರಾಗಿ ಒದರಿದ್ರ?"

"ಪಾಳಿ ಇಲ್ಲ."

"ಸಾಯಿ ಅಂತ ಬರದಾನಲ್ಲ, ಅವನ ಡಬ್ಬಿ ಎಲ್ಲೈತಿ?"

ಅವನು ಫೋನಿನಲ್ಲಿದ್ದ ಹೆಸರು ನೋಡಿದ. ಎದ್ದು ಕಟ್ಟೆಗೆ ಬಂದು ಡಬ್ಬಿಗಳ ಮೇಲಿನ ಹೆಸರುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓದಿದ. ತಿರುಗಿ ಫೋನು ನೋಡಿದ.

"ಇಲ್ಲ."

"ಹಂಗಾದ್ರ?"

ಫೋನನ್ನು ಕಟ್ಟೆಯ ಮೇಲೆ ಬೋರಲಾಗಿ ಇಟ್ಟ. "ಮಾತಿಗೆ ಪಾಳಿ ಇಲ್ಲ" ಎಂದ.

ಒಂದು ರಟ್ಟಿನ ಮೇಲೆ ಡಬ್ಬಿಯ ಚಿತ್ರ ಬರೆದು, ಕೆಳಗೆ ಅವನದೇ ಮಾತನ್ನು ಅವನ ಕೈಯಿಂದಲೇ ಬರೆಸಿದೆ. ಪ್ರತಿ ಕಾಮೆಂಟು ಓದಿದ ಮೇಲೆ ಕಾರ್ಡು ನೋಡುವುದು, ಕಟ್ಟೆ ನೋಡುವುದು, ಮುಂದಿನದಕ್ಕೆ ಹೋಗುವುದು. ಆ ಮೂವರು ಹುಡುಗರ ಮನೆಯ ಡಬ್ಬಿಗಳು ಸಾಲಿನಲ್ಲಿದ್ದವಲ್ಲ, ಅದೊಂದು ತೊಡಕಾಗಬಹುದು ಎಂದುಕೊಂಡಿದ್ದೆ. "ಡಬ್ಬಿ ಅವರಪ್ಪಂದು" ಎಂದು ಅವನೇ ಬಿಡಿಸಿಬಿಟ್ಟ. ದಿನ ಕಳೆದಂತೆ ಓದುವುದೂ ಕಡಿಮೆಯಾಯಿತು. ರೊಟ್ಟಿ ತಿಂದ. ಒಂದು ಸಂಜೆ ಕಟ್ಟೆಗೆ ಬಂದು ಕೂತವನು, ಗಿರಣಿ ಶುರುವಾದಾಗ ಅದರ ಮರದ ಚೌಕಟ್ಟಿಗೆ ಅಂಗೈ ಒತ್ತಿ ನಿಂತ. ಮೊದಲಿನಿಂದಲೂ ಅವನಿಗೆ ಆ ನಡುಕ ಎಂದರೆ ಪ್ರೀತಿ. ಅದನ್ನು ನೋಡಿ ತಾಯಿ ಒಳಗೆ ಹೋಗಿ ಅತ್ತಳು. 

ಅಷ್ಟರಲ್ಲಿ ಪೊಲೀಸರು ಆ ಮೂವರನ್ನೂ ತಂದೆತಾಯಿಗಳ ಜೊತೆ ಕರೆಸಿದರು. ವಿಡಿಯೋ ಅಳಿಸಿಹಾಕಿಸಿದರು, ಬುದ್ಧಿ ಹೇಳಿದರು. ಕೇಸು ಮುಂದುವರಿಯುತ್ತದೋ ಎಂಬ ಭಯ ಊರಿಗೆ ಹತ್ತಿತು. ಊರಲ್ಲಿ ಭಯ ಹುಟ್ಟಿದರೆ ಅದರ ಹಿಂದೆಯೇ ರಾಜಿ ಹುಟ್ಟುತ್ತದೆ.

ರಾಜಿಯ ಮುಂದಾಳು ಶಾಲಾ ಸಮಿತಿಯ ಅಧ್ಯಕ್ಷರು. ಶಾಲೆಗೆ ನೀರಿನ ಟಾಕಿ ಕಟ್ಟಿಸಿಕೊಟ್ಟವರು, ಊರಲ್ಲಿ ಅವರ ಮಾತಿಗೆ ಎದುರಿಲ್ಲ. ನನ್ನನ್ನು ಕರೆಸಿ ಹೇಳಿದರು: "ನೋಡ್ರಿ ಅಕ್ಕೋರ, ಹುಡುಗ್ರು ತಪ್ಪ ಮಾಡ್ಯಾರ. ಎಲ್ಲಾರ ಮುಂದ ಅವನ ಹತ್ರ ಮಾಫಿ ಕೇಳ್ತಾರ. ಅವನಿಗೂ ಒಂದು ಸನ್ಮಾನ ಮಾಡೂಣು. ಮರ್ಯಾದಿ ಹೋದಲ್ಲೇ ಮರ್ಯಾದಿ ಕೊಡೂಣು. ದೂರಿನ ಕಾಗದ ವಾಪಸ್ ತಗೊಳ್ಳಾಕ ಹೇಳ್ರಿ."

"ಅವನಿಗೆ ಮಾಫಿನೂ ಬ್ಯಾಡ, ಸನ್ಮಾನನೂ ಬ್ಯಾಡ್ರಿ. ಗದ್ದಲ ಆಗಂಗಿಲ್ಲ, ಯಾರರ ಮೈ ಮುಟ್ಟಿದ್ರ ಆಗಂಗಿಲ್ಲ. ಅವನ್ನ ಅವನ ಪಾಡಿಗೆ ಕಟ್ಟಿ ಮ್ಯಾಲ ಕೂಡಾಕ ಬಿಡ್ರಿ, ಸಾಕು" ಎಂದೆ.

"ಛೇ, ಹಂಗ ಬಿಟ್ರ ಊರಿಗೆ ಶೋಭಾ ಏನ್ರಿ?"

ತಂದೆ ಅದಾಗಲೇ ಒಪ್ಪಿಬಿಟ್ಟಿದ್ದ. ತಡೆಯುವ ಅಧಿಕಾರ ನನಗಿರಲಿಲ್ಲ. ಕೊನೆಗೆ ಒಂದೇ ಷರತ್ತು ಹಾಕಿದೆ: ಯಾರೂ ಫೋನು ಹೊರಗೆ ತೆಗೆಯಬಾರದು. ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು.

ಶನಿವಾರ ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿದರು. ಮೈಕು ಬಂತು. ನಮ್ಮ ಕಡೆ ಯಾವ ಒಳ್ಳೆಯ ಕೆಲಸವೂ ಶಾಲು, ಹಾರ, ಫೋಟೋ ಇಲ್ಲದೆ ಒಳ್ಳೆಯದಾಗುವುದಿಲ್ಲ. ಸತ್ತವರಿಗೂ ಹಾರ, ಗೆದ್ದವರಿಗೂ ಹಾರ, ಅವಮಾನವಾದ ಹುಡುಗನಿಗೂ ಹಾರ. ಅವನು ಕುರ್ಚಿಯ ತುದಿಯಲ್ಲಿ ಕೂತು ತಾಯಿಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಿದ್ದ. ಮೂವರು ಹುಡುಗರು ಬಂದು ಕಾಲು ಮುಟ್ಟಿದರು. ಅವನು ಕಾಲು ಮೇಲೆತ್ತಿಕೊಂಡ. ಮೊದಲ ಫೋನು ಮೇಲೆದ್ದದ್ದು ಆಗಲೇ. "ಫೋನ್ ಬ್ಯಾಡ್ರಿ!" ಎಂದು ಕೂಗಿದೆ. ಮೈಕಿನ ಮುಂದೆ ನನ್ನ ಧ್ವನಿ ಎಲ್ಲಿ ಕೇಳಬೇಕು? ಎರಡನೆಯದು ಎದ್ದಿತು, ಆಮೇಲೆ ಇಡೀ ಅಂಗಳವೇ ಫೋನಾಯಿತು. "ಅಪ್ಪಿಕೋರಿ, ಅಪ್ಪಿಕೋರಿ, ಅಣ್ಣತಮ್ಮರಂಗ ಇರ್ರಿ!" ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಒಬ್ಬ ಹುಡುಗ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ.

ಅವನು ಒದರಿದ. ಹಾರ ಹರಿದು ಬಿತ್ತು, ಶಾಲು ಕಾಲಿಗೆ ಸಿಕ್ಕಿತು. ಕಿವಿ ಮುಚ್ಚಿಕೊಂಡು ಅಂಗಳದ ಮಧ್ಯದಲ್ಲಿ ಕುಪ್ಪಳಿಸುತ್ತಿದ್ದ ಅವನನ್ನು ತಾಯಿ, ನಾನು ಸೇರಿ ಮನೆಗೆ ಮುಟ್ಟಿಸುವ ಹೊತ್ತಿಗೆ ಊರ ಜನರ ಸ್ಟೇಟಸ್ಸುಗಳಲ್ಲಿ ಅದು ಬಂದಾಗಿತ್ತು.

ಇದು ಹಾಡು ಹಾಕಿದ ವಿಡಿಯೋ ಅಲ್ಲ. ಇದನ್ನು ಹಾಕಿದವರಲ್ಲಿ ಒಬ್ಬರೂ ನಕ್ಕಿರಲಿಲ್ಲ. "ನಮ್ಮೂರ ಮಾನವೀಯತೆ" ಎಂದು ತಲೆಬರಹ ಕೊಟ್ಟು, ಕೈಮುಗಿದ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದರು. ಊರಿನ ಗುಂಪಿನಲ್ಲಿ ಅದು ತಿರುಗಿತು, ಅಲ್ಲಿಂದ ಹೊರಗೆ ಹೋಯಿತು, ಮೊದಲಿನದಕ್ಕಿಂತ ಹೆಚ್ಚು ಓಡಿತು. ಮತ್ತೆ ವರದಿ ಮಾಡಿದೆ. ಯಾವುದೂ ನಿಯಮ ಮುರಿದಿರಲಿಲ್ಲ. ಯಾರ ಮೇಲೆ ದೂರು ಕೊಡಲಿ? ಬೈದವರ ಮೇಲೆ ಕೊಡಬಹುದು. ಕೈಮುಗಿದವರ ಮೇಲೆ ಕೊಡುವ ಕಾನೂನು ಇನ್ನೂ ಬಂದಿಲ್ಲ.

ಆ ವಿಡಿಯೋದ ಕೆಳಗೆ ಅಧ್ಯಕ್ಷರು ತಮ್ಮ ಪೂರ್ತಿ ಹೆಸರಿನಲ್ಲಿ ಒಂದು ಮಾತು ಬರೆದಿದ್ದರು. ಕನಿಕರದಿಂದಲೇ ಬರೆದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. "ಇಂಥ ಮುಗ್ಧ ಮಕ್ಕಳನ್ನು ಹೊರಗೆ ಬಿಡಬಾರದು. ಮನೆಯಲ್ಲಿಯೇ ಜೋಪಾನವಾಗಿ ಇಟ್ಟುಕೊಳ್ಳಬೇಕು." ಅದರ ಕೆಳಗೆ ಊರಿನವರ ಲೈಕುಗಳು, "ಖರೇ ಮಾತ್ರಿ" ಎಂಬ ಒಪ್ಪಿಗೆಗಳು.

ನಾನು ಮುಂದಿನ ಸಲ ಹೋದಾಗ ಹುಡುಗ ಒಳಕೋಣೆಯಲ್ಲಿದ್ದ. ಕಿಟಕಿಯಿಂದ ಕಟ್ಟೆ ಕಾಣುತ್ತದೆ, ಅದರ ಹತ್ತಿರ ಕೂತಿದ್ದ. ಊಟ ಮಾಡುತ್ತಿದ್ದ, ನಿದ್ದೆ ಮಾಡುತ್ತಿದ್ದ. ಹೊರಗೆ ಮಾತ್ರ ಬರುತ್ತಿರಲಿಲ್ಲ. ಶಾಲೆಗಿಲ್ಲ, ಕಟ್ಟೆಗಿಲ್ಲ, ಬಾಗಿಲ ಹೊಸ್ತಿಲಿಗೂ ಇಲ್ಲ.

"ಹೊರಗ ಬರಲ್ಲೇನ್ ತಮ್ಮಾ?"

"ಬಿಡಬಾರದು ಅಂತ ಬರದಾರ."

"ಅದು ಬರೀ ಫೋನಿನ ಮಾತು. ಕಾರ್ಡು ನೋಡು. ಡಬ್ಬಿ ಇಲ್ಲದವರ ಮಾತಿಗೆ..."

"ಡಬ್ಬಿ ಐತಿ" ಎಂದು ಅವನು ಕಿಟಕಿಯಿಂದ ಬೆರಳು ತೋರಿಸಿದ. ಸಾಲಿನ ಎರಡನೆಯ ಡಬ್ಬಿ. ಅದರ ಮೇಲೆ ಕೆಂಪು ಬಣ್ಣದಲ್ಲಿ ಅಧ್ಯಕ್ಷರ ಪೂರ್ತಿ ಹೆಸರಿತ್ತು.

ಅವನು ನಿಯಮದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಸಾಯಿ ಎಂದ ಸಾವಿರ ಮಂದಿಯನ್ನು ದಾಟಿ ಬಂದವನು, ಜೋಪಾನ ಎಂದ ಒಬ್ಬರ ಮಾತಿಗೆ ಒಳಗೆ ಕುಳಿತುಬಿಟ್ಟ.

ಅಲ್ಲಿಂದ ನೆಟ್ಟಗೆ ಅಧ್ಯಕ್ಷರ ಮನೆಗೆ ಹೋದೆ. ಚಹಾ ಕೊಟ್ಟರು. ವಿಷಯ ಕೇಳಿ ಅವರಿಗೆ ಅರ್ಥವೇ ಆಗಲಿಲ್ಲ. "ನಾ ಏನ್ ಕೆಟ್ಟ ಬರದೀನ್ರಿ? ಛಲೋದ ಬರದೀನಲ್ಲ?" ಎಂದರು. ನನ್ನ ಮುಂದೆಯೇ ಫೋನು ತೆಗೆದು ಆ ಮಾತನ್ನು ಅಳಿಸಿದರು. "ಆತಲ್ರಿ, ಅಳಿಸಿದೆ. ಇನ್ನೇನು?"

"ಅಳಿಸಿದ್ರ ಆಗಂಗಿಲ್ರಿ. ಅವನು ಓದಿಬಿಟ್ಟಾನ. ನೀವ ನಿಮ್ಮ ಡಬ್ಬಿ ತಗೊಂಡು ಕಟ್ಟಿಗೆ ಬಂದು, ಪಾಳಿ ಬಂದಾಗ ಹೊರಗ ಬಾ ಅಂತ ಒಂದು ಮಾತು ಹೇಳ್ರಿ. ಬರ್ತಾನ."

ಅವರು ನಕ್ಕರು, ಆಮೇಲೆ ನಾನು ನಗುತ್ತಿಲ್ಲ ಎಂದು ನೋಡಿ ಮುಖ ಗಂಭೀರ ಮಾಡಿಕೊಂಡರು. "ನಾ ಡಬ್ಬಿ ಹೊತ್ಕೊಂಡು ಗಿರಣಿ ಕಟ್ಟಿಗೆ ನಿಂದ್ರಬೇಕೇನ್ರಿ? ಅದನ್ನ ಸೊಸಿ ಒಯ್ತಾಳ. ನೀವು ಭಾಳ ಓದಿದೋರು, ಊರಿನ ರೀತಿ ನಿಮಗ ತಿಳಿಯಂಗಿಲ್ಲ." ಅಷ್ಟಕ್ಕೆ ಅವರು ಆ ವಿಷಯದಲ್ಲಿ ಕೈ ತೊಳೆದುಕೊಂಡರು.

ಗಿರಣಿಗೆ ಬರುವ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ನೀವಾದರೂ ಒಂದು ಮಾತು ಹೇಳಿ ಎಂದೆ. ಎಲ್ಲರಿಗೂ ಮರುಕ. "ಪಾಪ ಕೂಸು" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಅಧ್ಯಕ್ಷರು ಬ್ಯಾಡ ಅಂದಿದ್ದಕ್ಕ ನಾವ್ ಬಾ ಅಂದ್ರ ಹೆಂಗ ಆಗ್ತೈತ್ರಿ ಅಕ್ಕೋರ?" ಎಂದರು. ಅವನು ಇಲ್ಲದ ಕಟ್ಟೆಯ ಮೇಲೆ ಡಬ್ಬಿಗಳು ಮತ್ತೆ ಆಚೀಚೆ ಸರಿಯತೊಡಗಿದ್ದವು, ಜಗಳ ಮತ್ತೆ ಶುರುವಾಗಿತ್ತು. ಕಿಟಕಿಯ ಒಳಗಿನಿಂದ ಅದನ್ನು ನೋಡುತ್ತ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ. ಒದರುತ್ತಿರಲಿಲ್ಲ.

ತಾಯಿ ಕರೆದರೂ ಬರಲಿಲ್ಲ, ಗಿರಣಿಯವರ ಮನೆಯ ಡಬ್ಬಿ ಸಾಲಿನಲ್ಲಿ ಇರುವುದೇ ಇಲ್ಲ. ನಾನೇ ಗದರಿಸಿ ನೋಡಿದೆ, ರಮಿಸಿ ನೋಡಿದೆ. "ನಾ ಹೇಳ್ತೀನಿ, ಬಾ" ಎಂದೆ. ಅವನು ಬಹಳ ಸೌಜನ್ಯದಿಂದ ಉತ್ತರ ಕೊಟ್ಟ: "ಟೀಚರ್, ನಿಮ್ಮ ಡಬ್ಬಿ ಇಲ್ಲ."

ಇಲಾಖೆಯಲ್ಲಿ ಪ್ರಕರಣ ಇತ್ಯರ್ಥವಾಗಿದೆ ಎಂದು ಬರೆದುಕೊಂಡಿದ್ದರು. ಯಶೋಗಾಥೆಗೊಂದು ಫೋಟೋ ಕಳಿಸಿ ಎಂದೂ ಕೇಳಿದರು, ಹುಡುಗ ಶಾಲು ಹೊದ್ದದ್ದಿದ್ದರೆ ಚೆನ್ನ ಎಂದರು. ಕಳಿಸಲಿಲ್ಲ. ಆ ಸಂಜೆ ಕುಷ್ಟಗಿಯ ಸಂತೆಯಲ್ಲಿ ಜೋಳ ಕೊಂಡೆ. ಮನೆಯಲ್ಲಿದ್ದ ಬಿಸ್ಕತ್ತಿನ ಹಳೆಯ ಡಬ್ಬಿ ತೊಳೆದು ಒಣಗಿಸಿ, ಬಣ್ಣ ಇಲ್ಲದ್ದರಿಂದ ಮಗಳ ಉಗುರುಬಣ್ಣದಿಂದಲೇ ಅದರ ಮೇಲೆ ನನ್ನ ಹೆಸರು ಬರೆದೆ. ಮರುದಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು, "ಕುಷ್ಟಗ್ಯಾಗ ಗಿರಣಿ ಇಲ್ಲೇನ್ರಿ ಟೀಚರ್?" ಎಂದು ಕೇಳಿದ. ಇದೆ, ಆದರೆ ಅಲ್ಲಿ ಪಾಳಿ ಇಲ್ಲ ಎಂದೆ.

ಕಟ್ಟೆಯಲ್ಲಿ ಸಾಲಿನ ಕೊನೆಗೆ ನನ್ನ ಡಬ್ಬಿ ಇಟ್ಟೆ. ಅವನು ಕಿಟಕಿಯಿಂದ ನೋಡುತ್ತಿದ್ದ. ಕರೆಂಟು ಮಧ್ಯಾಹ್ನ ಬಂತು. ತಾಯಿ ಒಂದೊಂದೇ ಡಬ್ಬಿ ಸುರಿದು ಬೀಸುತ್ತ ಬಂದಳು. ನಾನು ಮುಂದೆ ಹೋಗಲಿಲ್ಲ, ಯಾರನ್ನೂ ಕೇಳಲಿಲ್ಲ, ಪಾಳಿ ಬರುವವರೆಗೆ ಕಟ್ಟೆಯ ಮೇಲೆ ಕುಳಿತೆ. ನನ್ನ ಜೋಳ ಗಿರಣಿಗೆ ಬಿದ್ದಾಗ ಎದ್ದು ಕಿಟಕಿಯ ಹತ್ತಿರ ಹೋದೆ.

"ತಮ್ಮಾ, ನನ್ನ ಪಾಳಿ ಬಂತು. ಹೊರಗ ಬಾ."

ಅವನು ಡಬ್ಬಿಯ ಮೇಲಿನ ಹೆಸರನ್ನು ಓದಿದ. ತುಟಿಗಳು ಅಲುಗಿದವು. "ನಿಮ್ಮ ಡಬ್ಬಿ ಐತಿ" ಎಂದ. ಎದ್ದು ನಿಂತ. ಬಾಗಿಲವರೆಗೂ ಬಂದ. ತಾಯಿ ಗಿರಣಿ ಬಿಟ್ಟು ಬರಲು ಹೋದವಳು, ಹೆದರಿ ಅಲ್ಲೇ ನಿಂತಳು.

ಹೊಸ್ತಿಲಿನ ಒಳಗೆ ನಿಂತು ಅವನು ಸಾಲನ್ನೆಲ್ಲ ನೋಡಿದ. ಅಧ್ಯಕ್ಷರ ಡಬ್ಬಿ, ಅವರ ಮಾತಿಗೆ ಲೈಕು ಒತ್ತಿದವರ ಡಬ್ಬಿ, "ಖರೇ ಮಾತ್ರಿ" ಎಂದವರ ಡಬ್ಬಿ. ಎಲ್ಲ ಹೆಸರುಗಳನ್ನೂ ಓದಿ ಮುಗಿಸಿ ನನ್ನ ಕಡೆ ತಿರುಗಿದ.

"ನಿಮ್ಮದು ಒಂದ ಐತಿ, ಟೀಚರ್. ಅವರವು ಭಾಳ ಅದಾವು."

ಹೇಳಿ ಒಳಗೆ ಹೋಗಿ ಕಿಟಕಿಯ ಹತ್ತಿರ ಕೂತ. ತಾಯಿ ನನ್ನ ಹಿಟ್ಟನ್ನು ಡಬ್ಬಿಗೆ ತುಂಬಿ ಮುಚ್ಚಳ ಒತ್ತಿ ಕೊಟ್ಟಳು. ಈಗಲೂ ಪ್ರತಿ ವಾರ ಆ ಡಬ್ಬಿ ಒಯ್ದು ಸಾಲಿಗೆ ಇಡುತ್ತೇನೆ, ಪಾಳಿ ಬಂದಾಗ ಅದೇ ಮಾತು ಹೇಳುತ್ತೇನೆ. ಅವನು ಬಾಗಿಲವರೆಗೆ ಬರುತ್ತಾನೆ, ಹೆಸರುಗಳನ್ನು ಓದುತ್ತಾನೆ. ನನ್ನದರ ಪಕ್ಕ, ಹೊರಗ ಬಾ ಎನ್ನುವ ಎರಡನೆಯದೊಂದು ಡಬ್ಬಿ ಇನ್ನೂ ಬಂದಿಲ್ಲ.